ಹಿಂಡಿನಿಂದ ಯಾವ ಹೆಣ್ಣಾಡನ್ನು ಕಳಿಸಬೇಕು, ಯಾವುದನ್ನು ಉಳಿಸಬೇಕು?

ಗಂಡು ಮರಿ ಯಾವಾಗ ಮಾರಬೇಕು ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಬಕ್ರೀದ್ ಹತ್ತಿರ ಬಂತು, ಸಾಗರದ ಮಾರಿಜಾತ್ರೆ ವರ್ಷ ಬಂತು ಅಂದರೆ ಅವು ತಾವಾಗಿಯೇ ಖಾಲಿಯಾಗುತ್ತವೆ. ತೀರ್ಥಹಳ್ಳಿಯಿಂದಾಗಲಿ ಸೊರಬದಿಂದಾಗಲಿ ಬರುವ ಪ್ರಶ್ನೆ ಒಂದೇ: "ಹೆಣ್ಣಾಡು ಜಾಸ್ತಿ ಆಗಿವೆ, ಕೊಟ್ಟಿಗೆ ಸಾಲುತ್ತಿಲ್ಲ. ಯಾವುದನ್ನು ಕೊಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹತ್ತರಿಂದ ನಲವತ್ತು ಆಡು ಇಟ್ಟುಕೊಂಡು, ಹಗಲು ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಮೇಯಿಸಿ ರಾತ್ರಿ ಕೊಟ್ಟಿಗೆಗೆ ಕೂಡುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನೂರಾರು ಆಡಿನ ಫಾರಂ ಇರುವವರಿಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ.

ಮೊದಲೇ ಒಂದು ಮಾತು. ಈಗ ಬಹಳ ಮನೆಗಳಲ್ಲಿ ಹೆಣ್ಣಾಡನ್ನು ಆರಿಸುತ್ತಿರುವುದು ಮನೆಯವರಲ್ಲ, ದಲ್ಲಾಳಿ. ಶಾಲೆಯ ಫೀಸೋ ಆಸ್ಪತ್ರೆ ಖರ್ಚೋ ಬಂದ ದಿನ ಅವನಿಗೆ ಫೋನ್ ಹೋಗುತ್ತದೆ. ಅವನು ಬಂದು ಮೈ ತುಂಬಿದ ಎರಡು ಆಡಿಗೆ ಕೈ ತೋರಿಸುತ್ತಾನೆ, ನಾವು ಹಗ್ಗ ಬಿಚ್ಚಿ ಕೊಡುತ್ತೇವೆ. ಅವನ ಲೆಕ್ಕ ಮಾಂಸದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ನಾಲ್ಕೈದು ವರ್ಷ ನಡೆದರೆ ಕೊಟ್ಟಿಗೆಯಲ್ಲಿ ಉಳಿಯುವುದು ಅವನು ಬೇಡ ಅಂದ ಆಡುಗಳ ಸಂತಾನ. ಹಾಗಾಗಿ ದುಡ್ಡಿನ ಅಡಚಣೆ ಬರುವ ಮೊದಲೇ ಪಟ್ಟಿ ಸಿದ್ಧವಿರಲಿ. ಅವಸರದ ದಿನ ಬಂದರೆ ಪಟ್ಟಿಯಲ್ಲಿ ಮೇಲಿರುವುದನ್ನು ಕೊಟ್ಟರಾಯಿತು.

ಬೇಕಾಗುವ ಸಾಮಾನು

ದೊಡ್ಡ ಖರ್ಚೇನಿಲ್ಲ. ಒಂದು ದಪ್ಪ ರಟ್ಟಿನ ನೋಟ್‌ಬುಕ್ಕು, ಪ್ರತಿ ಆಡಿಗೂ ಒಂದು ಕಿವಿಯೋಲೆ (ಪಶು ಇಲಾಖೆ ಹಾಕಿದ 12 ಅಂಕಿಯದ್ದು ಇದ್ದರೆ ಕೊನೆಯ ನಾಲ್ಕು ಅಂಕಿ ಸಾಕು), ತೂಗುಹಾಕುವ ತಕ್ಕಡಿ, ಟಾರ್ಚು, ಒಂದು ಜೊತೆ ರಬ್ಬರ್ ಕೈಗವಸು. ಜೊತೆಗೆ ಆಡು ಹಿಡಿದುಕೊಳ್ಳಲು ಒಬ್ಬರು ಬೇಕು. ಒಬ್ಬರೇ ಹಿಡಿದು ಒಬ್ಬರೇ ಬಾಯಿ ಬಿಡಿಸಿ ನೋಡಿ ಒಬ್ಬರೇ ಬರೆಯುವುದು ಆಗದ ಕೆಲಸ.

ಹಂತ 1: ಎಷ್ಟು ಉಳಿಸಬೇಕು ಅನ್ನುವುದನ್ನು ಮಳೆಗಾಲಕ್ಕೆ ಕೇಳಿ

ಯಾವುದನ್ನು ಮಾರಬೇಕು ಅನ್ನುವ ಮೊದಲು ಎಷ್ಟು ಇರಬೇಕು ಅನ್ನುವುದು ತೀರ್ಮಾನವಾಗಬೇಕು. ಬಯಲುಸೀಮೆಯವರು ಇದನ್ನು ಬೇಸಿಗೆಯ ಮೇವಿನ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ಆಡು ಮಳೆಗೆ ಹೆದರುವ ಪ್ರಾಣಿ. ಜುಲೈಯಲ್ಲಿ ವಾರಗಟ್ಟಲೆ ಹೊಡೆಯುವ ಮಳೆಗೆ ಅವು ಕೊಟ್ಟಿಗೆಯಿಂದ ಹೊರಗೆ ಕಾಲಿಡುವುದಿಲ್ಲ, ನಾವೇ ಸೊಪ್ಪು ಕಡಿದು ತರಬೇಕು. ಹಾಗಾಗಿ ಜುಲೈ ತಿಂಗಳಲ್ಲಿ ಎಷ್ಟು ಆಡನ್ನು ಒಣ ನೆಲದ ಮೇಲೆ ನಿಲ್ಲಿಸಿ ಹೊಟ್ಟೆ ತುಂಬಿಸಬಲ್ಲಿರೋ ಅಷ್ಟೇ ನಿಮ್ಮ ಹಿಂಡಿನ ಗಾತ್ರ.

ಜಾಗದ ಲೆಕ್ಕ ಸುಲಭ: ದೊಡ್ಡ ಆಡೊಂದಕ್ಕೆ ಸುಮಾರು 10 ಚದರ ಅಡಿ. ಮೇವಿನ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. 25 ಕಿಲೋ ತೂಗುವ ಆಡಿಗೆ ದಿನಕ್ಕೆ ಒಣ ತೂಕದಲ್ಲಿ ಸುಮಾರು 1 ಕಿಲೋ ಮೇವು ಬೇಕು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದು 4 ಕಿಲೋ ಆಗುತ್ತದೆ. 20 ಆಡಿಗೆ ದಿನಕ್ಕೆ 80 ಕಿಲೋ. ಜಿಗಣೆ ಕಚ್ಚಿಸಿಕೊಂಡು, ಕಂಬಳಿಕೊಪ್ಪೆ ಹೊದ್ದು, ಹಲಸಿನ ಸೊಪ್ಪೋ ಹಾಲುವಾಣವೋ ಗೊಬ್ಬರದ ಗಿಡವೋ 80 ಕಿಲೋ ಕಡಿದು ಹೊರುವವರು ಮನೆಯಲ್ಲಿ ಯಾರಿದ್ದಾರೆ? ಆ ಪ್ರಶ್ನೆಗೆ ಸಿಗುವ ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. "ಗಂಡು ಮರಿ ಎಲ್ಲಾ ಮಾರಿದ್ದೇನೆ, ಆದರೂ ಹಿಂಡು ಕಮ್ಮಿ ಆಗಿಲ್ಲ" ಅನ್ನುತ್ತಾರೆ. ಆಗುವುದಾದರೂ ಹೇಗೆ? 20 ಹೆಣ್ಣಾಡು ಇದ್ದು, ಒಂದೊಂದು ವರ್ಷಕ್ಕೆ ಒಂದೇ ಮರಿ ಬದುಕಿಸಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೆಣ್ಣು. ಮುಂದಿನ ವರ್ಷ 30 ಹೆಣ್ಣು, ಅದರ ಮುಂದಿನ ವರ್ಷ 40 ದಾಟುತ್ತದೆ. ಎಷ್ಟು ಹೋತ ಮಾರಿದರೂ ಈ ಲೆಕ್ಕ ಬದಲಾಗುವುದಿಲ್ಲ, 20-30 ಹೆಣ್ಣಿಗೆ ಒಂದು ಹೋತ ಸಾಕಲ್ಲ. ಪರವಾನಗಿ ಕೊಟ್ಟು ಜಿಂಕೆ ಬೇಟೆಗೆ ಬಿಡುವ ದೇಶಗಳಲ್ಲೂ ಹಿಂಡು ಹತೋಟಿಗೆ ಬರಬೇಕಾದಾಗ ಅವರು ಹೆಣ್ಣು ಜಿಂಕೆಯ ಸಂಖ್ಯೆಯನ್ನೇ ಇಳಿಸುವುದು, ಇದೇ ಕಾರಣಕ್ಕೆ. (ನಮ್ಮಲ್ಲಿ ಅದರ ಮಾತೇ ಇಲ್ಲ. ಜಿಂಕೆ, ಕಡವೆ, ಬರ್ಕ ಯಾವುದನ್ನು ಹೊಡೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತೋಟಕ್ಕೆ ಬಂದಿತ್ತು ಅನ್ನುವ ಸಬೂಬು ನಡೆಯುವುದಿಲ್ಲ.)

ನಿಂತ ಹಿಂಡಿನಲ್ಲಿ, ಅಂದರೆ ಸಂಖ್ಯೆ ಏರದೆ ಇಳಿಯದೆ ಇರಬೇಕಾದ ಹಿಂಡಿನಲ್ಲಿ, ವರ್ಷಕ್ಕೆ ಐದರಲ್ಲಿ ಒಂದು ಹಳೆಯ ಆಡು ಹೊರಗೆ ಹೋಗಿ ಆ ಜಾಗಕ್ಕೆ ಒಳ್ಳೆಯ ಹೆಣ್ಣು ಮರಿ ಬರಬೇಕು. 20ಕ್ಕೆ 4. ಉಳಿದ ಹೆಣ್ಣು ಮರಿಗಳೂ ಮಾರಾಟಕ್ಕೇ.

ಹಂತ 2: ಪುಸ್ತಕ ಬರೆಯಿರಿ

ಒಂದು ಆಡಿಗೆ ಒಂದು ಪುಟ. ಅದರಲ್ಲಿ ಇಷ್ಟಿದ್ದರೆ ಸಾಕು: ಯಾವ ತಾಯಿಯ ಮರಿ, ಯಾವ ಹೋತಕ್ಕೆ ಹುಟ್ಟಿದ್ದು, ಈದ ತಾರೀಖು, ಎಷ್ಟು ಮರಿ, ಮೂರು ತಿಂಗಳಿಗೆ ಎಷ್ಟು ಬದುಕಿದ್ದವು, ಆಗ ಅವುಗಳ ತೂಕ, ಏನಾದರೂ ಕಾಯಿಲೆ ಬಿದ್ದಿದ್ದರೆ ಅದು.

ಇದರಲ್ಲಿ ಮುಖ್ಯವಾದದ್ದು ಮೂರು ತಿಂಗಳ ಮರಿಯ ಲೆಕ್ಕ. ಎರಡು ಈದು ಎರಡನ್ನೂ ಕಳೆದುಕೊಂಡ ಆಡಿಗಿಂತ ಒಂದು ಈದು ಒಂದನ್ನು ಗಟ್ಟಿಯಾಗಿ ಬೆಳೆಸಿದ್ದು ಮೇಲು. "ನಮ್ಮ ಕರಿಯಾಡು ಯಾವಾಗಲೂ ಅವಳಿ ಹಾಕುತ್ತೆ" ಅಂತ ಹೆಮ್ಮೆ ಪಡುವವರು ಅವಳಿಯಲ್ಲಿ ಎಷ್ಟು ಉಳಿದವು ಅಂತ ಒಮ್ಮೆ ಪುಟ ತಿರುಗಿಸಿ ನೋಡಲಿ.

ಎರಡನೆಯದು ಈತದ ಅಂತರ. ಆಡಿನ ಗಬ್ಬ ಸುಮಾರು 150 ದಿನ, ಅಂದರೆ ಐದು ತಿಂಗಳು. ಒಳ್ಳೆಯ ಆಡು ಎರಡು ವರ್ಷದಲ್ಲಿ ಮೂರು ಸಲ ಈಯುತ್ತದೆ, ಅಂದರೆ ಎಂಟು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಈದರೂ ನಮ್ಮ ಮಳೆಯ ಸೀಮೆಗೆ ಅಡ್ಡಿಯಿಲ್ಲ. ಒಂದೂವರೆ ವರ್ಷವಾದರೂ ಈಯದಿದ್ದರೆ ಅದರ ಪುಟಕ್ಕೆ ಕೆಂಪು ಗೆರೆ ಎಳೆಯಿರಿ.

ಇಲ್ಲಿ ಎಚ್ಚರಿಕೆ ಬೇಕು. ಮರಿ ಸತ್ತದ್ದೆಲ್ಲ ತಾಯಿಯ ತಪ್ಪಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹುಟ್ಟಿದ ಮರಿಗಳು ಒದ್ದೆ ನೆಲ, ಶೀತಗಾಳಿ, ಭೇದಿಗೆ ಸಿಕ್ಕಿ ಸಾಯುವುದು ಹೆಚ್ಚು. ಅದು ಆಡಿನ ದೋಷವಲ್ಲ, ಹೋತವನ್ನು ತಪ್ಪಾದ ತಿಂಗಳಲ್ಲಿ ಹಿಂಡಿಗೆ ಬಿಟ್ಟವರದ್ದು. ಜನವರಿ ಶುರುವಿನಿಂದ ಮಾರ್ಚ್ ಕೊನೆಯವರೆಗೆ ಹೋತವನ್ನು ಬೇರೆ ಕಟ್ಟಿದರೆ ಆ ತಿಂಗಳುಗಳಲ್ಲಿ ಈತವೇ ಇರುವುದಿಲ್ಲ. ಹಾಗೆ ಕಟ್ಟದ ವರ್ಷದ ಸಾವನ್ನು ಆಡಿನ ಖಾತೆಗೆ ಹಾಕಬೇಡಿ. ಚೊಚ್ಚಲ ಆಡಿಗೂ ಒಂದು ರಿಯಾಯಿತಿ ಇರಲಿ, ಮೊದಲ ಮರಿಯನ್ನು ಒದ್ದು ದೂರ ಮಾಡಿದ ಎಷ್ಟೋ ಆಡು ಎರಡನೆಯ ಸಲ ಒಳ್ಳೆಯ ತಾಯಾಗುತ್ತವೆ. ಎರಡನೆಯ ಸಲವೂ ಒದ್ದರೆ ಮಾತ್ರ ಕೊಡಿ.

ಪುಸ್ತಕ ಇಲ್ಲದವರು ಏನು ಮಾಡುವುದು? ಈಗ ಶುರು ಮಾಡಿ, ಈ ವರ್ಷ ಮುಂದಿನ ಹಂತದ ಮೇಲೆ ಮಾತ್ರ ತೀರ್ಮಾನ ಮಾಡಿ.

ಹಂತ 3: ನೋಡುವ ಕಾಲ

ವರ್ಷಕ್ಕೆ ಎರಡು ಸಲ ಹಿಂಡನ್ನು ಪೂರ್ತಿ ನೋಡಬೇಕು. ಒಂದು, ದೀಪಾವಳಿ ಕಳೆದ ಮೇಲೆ, ಮಳೆ ಯಾವ ಆಡನ್ನು ಎಷ್ಟು ಹಣ್ಣು ಮಾಡಿತು ಅನ್ನುವುದು ಮೈಮೇಲೆ ಇನ್ನೂ ಕಾಣುವಾಗ. ಇನ್ನೊಂದು, ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು. ದೀಪಾವಳಿಯದ್ದು ಆರಿಸಲು, ಮೇ ತಿಂಗಳದ್ದು ಸಂಖ್ಯೆ ಇಳಿಸಲು. ಬೆಳಿಗ್ಗೆ ಮೇಯಲು ಬಿಡುವ ಮೊದಲು, ಹೊಟ್ಟೆ ಖಾಲಿ ಇರುವಾಗ ನೋಡಿ. ಸಂಜೆ ಹೊಟ್ಟೆ ಉಬ್ಬಿಸಿಕೊಂಡು ಬಂದ ಆಡು ಎಲ್ಲವೂ ಚೆನ್ನಾಗೇ ಕಾಣುತ್ತವೆ.

ಹಂತ 4: ಕೈಯಿಟ್ಟು ನೋಡಿ

ದೂರದಿಂದ ನಿಂತು ನೋಡುವುದನ್ನು ಬಿಡಿ. ಆಡಿನ ರೋಮ ಮೋಸ ಮಾಡುತ್ತದೆ. ಒಂದೊಂದನ್ನೇ ಹಿಡಿದು, ತಲೆಯಿಂದ ಶುರುಮಾಡಿ ಹಿಂದಕ್ಕೆ ಬನ್ನಿ.

ಬಾಯಿ. ಆಡಿಗೆ ಮುಂದಿನ ಹಲ್ಲು ಇರುವುದು ಕೆಳದವಡೆಗೆ ಮಾತ್ರ, ಒಟ್ಟು ಎಂಟು. ಮೇಲೆ ಗಟ್ಟಿ ವಸಡು ಅಷ್ಟೆ. ಮರಿಯಲ್ಲಿ ಇರುವುದು ಸಣ್ಣ ಹಾಲುಹಲ್ಲು. ಒಂದರಿಂದ ಒಂದೂವರೆ ವರ್ಷದೊಳಗೆ ನಡುವಿನ ಎರಡು ಬಿದ್ದು ದೊಡ್ಡ ಹಲ್ಲು ಬರುತ್ತವೆ, ಎರಡು ವರ್ಷದ ಹೊತ್ತಿಗೆ ನಾಲ್ಕು, ಮೂರರ ಹೊತ್ತಿಗೆ ಆರು, ನಾಲ್ಕರ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಆಮೇಲೆ ವರ್ಷ ಹೇಳುವುದು ಹಲ್ಲಿನ ಸವೆತ. ಹಲ್ಲುಗಳ ನಡುವೆ ಸಂದು ಬಿಟ್ಟಿವೆಯಾ, ಉದ್ದವಾಗಿ ಅಲುಗಾಡುತ್ತಿವೆಯಾ, ಒಂದೆರಡು ಮುರಿದಿವೆಯಾ ನೋಡಿ. ಹಲ್ಲು ಹೋದ ಆಡು ಬೇಸಿಗೆಯಲ್ಲಿ ಎಳೆ ಚಿಗುರು ತಿಂದು ಹೇಗೋ ನಡೆಸುತ್ತದೆ. ಮಳೆಗಾಲದಲ್ಲಿ ಬಲಿತ ಹಲಸಿನ ಸೊಪ್ಪು ಹಾಕಿದಾಗ ಪಕ್ಕದ ಆಡು ಮೂರು ಎಲೆ ಮುಗಿಸುವಷ್ಟರಲ್ಲಿ ಇದು ಒಂದನ್ನು ಬಾಯಲ್ಲಿ ಹೊರಳಿಸುತ್ತಾ ನಿಂತಿರುತ್ತದೆ. ಅಂಥದ್ದನ್ನು ಮೇ ತಿಂಗಳಲ್ಲೇ ಕಳಿಸುವುದು ಆಡಿಗೂ ಒಳ್ಳೆಯದು.

ಕಣ್ಣು. ಮಲೆನಾಡಿನಲ್ಲಿ ಹೆಚ್ಚು ತೂಕವಿರುವ ಪರೀಕ್ಷೆ ಇದು ಅಂತ ನನ್ನ ಅಭಿಪ್ರಾಯ. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಚೆನ್ನಾಗಿದೆ. ನಸುಗೆಂಪು ಅಂದರೆ ಅನುಮಾನ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ತುಂಬಿದೆ ಅಂತ ಲೆಕ್ಕ. ಹೀಮಾಂಕಸ್ ಅನ್ನುವ ಈ ಜಂತುಹುಳುವಿಗೆ ಬೆಚ್ಚಗಿನ ಹಸಿ ನೆಲ ಅಂದರೆ ಪ್ರಾಣ, ಅಂದರೆ ನಮ್ಮೂರು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊದಿಕೊಂಡಿದ್ದರೆ ಕಾಯಿಲೆ ಮುಂದುವರಿದಿದೆ, ಆವತ್ತೇ ಔಷಧಿ ಬೇಕು. ಬಣ್ಣ ಹೋಲಿಸಿ ನೋಡಲು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಎಂಬ ಐದು ಬಣ್ಣದ ಕಾರ್ಡಿದೆ. ಸಿಕ್ಕರೆ ಸರಿ, ಇಲ್ಲದಿದ್ದರೆ ಹಿಂಡಿನಲ್ಲಿ ಚೆನ್ನಾಗಿರುವ ಆಡಿನ ಕಣ್ಣನ್ನೇ ಅಳತೆಗೋಲು ಮಾಡಿಕೊಳ್ಳಿ.

ಇದಕ್ಕೂ ಮಾರಾಟಕ್ಕೂ ಏನು ಸಂಬಂಧ? ಒಂದು ಹಿಂಡಿನ ಹುಳದಲ್ಲಿ ಹೆಚ್ಚಿನ ಪಾಲು ಕೆಲವೇ ಆಡುಗಳ ಹೊಟ್ಟೆಯಲ್ಲಿರುತ್ತದೆ. ಆ ಕೆಲವು ಹಿಕ್ಕೆಯ ಮೂಲಕ ಮೊಟ್ಟೆ ಉದುರಿಸುತ್ತಾ ಇಡೀ ಬ್ಯಾಣವನ್ನು ಕೆಡಿಸುತ್ತವೆ. ಎಲ್ಲದಕ್ಕೂ ಒಟ್ಟಿಗೆ ಔಷಧಿ ಕುಡಿಸುತ್ತಾ ಹೋದರೆ ಹುಳ ಔಷಧಿಗೆ ಬಗ್ಗದಂತಾಗುತ್ತದೆ. ಅದರ ಬದಲು ಕಣ್ಣು ಬಿಳಿಚಿದವಕ್ಕೆ ಮಾತ್ರ ಕೊಡಿ, ಕೊಟ್ಟದ್ದನ್ನು ಬರೆದಿಡಿ. ಬೇರೆ ಆಡುಗಳಿಗೆ ಒಮ್ಮೆಯೂ ಬೇಡವಾದ ಮಳೆಗಾಲದಲ್ಲಿ ಎರಡು ಮೂರು ಸಲ ಔಷಧಿ ಬೇಡಿದ ಆಡು ಪಟ್ಟಿಗೆ. ಹುಳ ತಡೆಯುವ ಶಕ್ತಿ ತಕ್ಕಮಟ್ಟಿಗೆ ತಾಯಿಯಿಂದ ಮರಿಗೆ ಬರುತ್ತದೆ, ಹಾಗಾಗಿ ಅದರ ಹೆಣ್ಣು ಮರಿಯನ್ನೂ ಇಟ್ಟುಕೊಳ್ಳಬೇಡಿ. ಒಂದು ವಿನಾಯಿತಿ: ಅವಳಿ ಮರಿಗೆ ಹಾಲೂಡುತ್ತಿರುವ ತಾಯಿ ಸ್ವಲ್ಪ ಬಿಳಿಚುವುದು ಸಹಜ. ಮೈತುಂಬ ಉಣುಗು ಹತ್ತಿದ್ದರೂ ಕಣ್ಣು ಬಿಳಿಚುತ್ತದೆ, ಕಿವಿಯ ಸಂದಿ, ತೊಡೆಯ ಒಳಬದಿ ನೋಡಿ.

ಬೆನ್ನು. ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ, ಅಂಗೈ ಇಟ್ಟು ಒತ್ತಿ. ಬೆನ್ನೆಲುಬಿನ ತುದಿಗಳು ಗರಗಸದ ಹಲ್ಲಿನಂತೆ ಚುಚ್ಚಿದರೆ ತೀರಾ ಬಡಕಲು. ಮುಟ್ಟಿದರೆ ಗೊತ್ತಾಗಿ, ಆದರೆ ಉರುಟಾಗಿದ್ದರೆ ಹದ. ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಜಾಸ್ತಿ.

ಹೆಚ್ಚು ಜನ ಎಡವುವುದು ಇಲ್ಲೇ. ಬಡಕಲು ಕಂಡ ಕೂಡಲೇ ಮಾರುತ್ತಾರೆ. ಆದರೆ ಹಿಂಡಿನಲ್ಲಿ ಅತಿ ಬಡಕಲಾಗಿರುವುದು ಬಹಳ ಸಲ ಅತಿ ಒಳ್ಳೆಯ ತಾಯಿ. ತಿಂದದ್ದನ್ನೆಲ್ಲ ಹಾಲು ಮಾಡಿ ಎರಡು ಮರಿಗೆ ಕುಡಿಸಿದೆ, ತನಗೆ ಏನೂ ಉಳಿಸಿಕೊಂಡಿಲ್ಲ. ಮಿರಿಮಿರಿ ಮಿಂಚುತ್ತಾ ನಿಂತಿರುವ ಇನ್ನೊಂದರ ಪುಟ ತೆಗೆದರೆ ಕಳೆದ ವರ್ಷ ಈದೇ ಇಲ್ಲ. ಹಾಗಾಗಿ ಮರಿ ಬಿಡಿಸಿ ಎರಡು ತಿಂಗಳು ಕಳೆಯುವ ಮೊದಲು ಮೈಕಟ್ಟು ನೋಡಿ ತೀರ್ಪು ಕೊಡಬೇಡಿ. ಹಾಲೂಡದೆ, ಹೊಟ್ಟೆಗೆ ಸರಿಯಾಗಿ ಬೀಳುತ್ತಿದ್ದೂ ಬಡಕಲಾಗಿಯೇ ಇದ್ದರೆ ಒಳಗೆ ಏನೋ ರೋಗವಿದೆ. ಅದನ್ನು ಬೇರೆ ಕಟ್ಟಿ ಡಾಕ್ಟರಿಗೆ ತೋರಿಸಿ.

ಕೆಚ್ಚಲು. ಎರಡೂ ಬದಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅದುಮಿ. ಬತ್ತಿದ ಕೆಚ್ಚಲು ಖಾಲಿ ಬಟ್ಟೆಯ ಚೀಲದ ಹಾಗೆ ಮೆತ್ತಗಿರಬೇಕು. ಗಂಟು ಸಿಕ್ಕರೆ, ಒಂದು ಬದಿ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಹಿಂದೆ ಕೆಚ್ಚಲು ಬಾವು ಬಂದು ಆ ಭಾಗ ಸತ್ತಿದೆ ಅಂತ ಅರ್ಥ. ಅರ್ಧ ಕೆಚ್ಚಲಿನ ಆಡು ಒಂದು ಮರಿ ಸಾಕಬಹುದು, ಅವಳಿಯಲ್ಲಿ ಒಂದನ್ನು ನೀವೇ ಬಾಟಲಿಯಲ್ಲಿ ಸಾಕಬೇಕಾಗುತ್ತದೆ. ಮೊಲೆತೊಟ್ಟು ಬಾಟಲಿಯಷ್ಟು ದಪ್ಪಗಿದ್ದರೆ ಈಗ ತಾನೇ ಹುಟ್ಟಿದ ಮರಿಯ ಬಾಯಿಗೆ ಹಿಡಿಯುವುದಿಲ್ಲ, ಗಿಣ್ಣು ಹಾಲು ಸಿಗದೆ ಸಾಯುತ್ತದೆ. ಕೆಚ್ಚಲು ಮೊಣಕಾಲಿಗಿಂತ ಕೆಳಗೆ ಜೋತು ಮುಳ್ಳುಗಂಟಿಗೆ ಸಿಕ್ಕಿ ಗೀರಿಸಿಕೊಳ್ಳುವ ಆಡೂ ಪಟ್ಟಿಗೆ.

ಕಾಲು. ಮಳೆಗಾಲದಲ್ಲಿ ಗೊರಸಿನ ಸಂದು ಕೊಳೆತು ಕುಂಟುವುದು ನಮ್ಮಲ್ಲಿ ಮಾಮೂಲು. ಒಂದು ಸಲ ಬಂದದ್ದಕ್ಕೆ ಮಾರುವ ಅಗತ್ಯವಿಲ್ಲ. ಗೊರಸು ಹೆರೆದು, ನೂರು ಲೀಟರಿಗೆ ಹತ್ತು ಕಿಲೋ ಲೆಕ್ಕದಲ್ಲಿ ಜಿಂಕ್ ಸಲ್ಫೇಟ್ ಕಲಸಿದ ನೀರಿನಲ್ಲಿ ನಿಲ್ಲಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಅದನ್ನು ಕಲಸುವವರೂ ಇದ್ದಾರೆ. ಕಾಲಿಗೆ ಕೆಲಸ ಮಾಡುತ್ತದೆ, ಆದರೆ ಆ ನೀರನ್ನು ಆಡು ಕುಡಿದರೆ ವಿಷ. ಅದೇ ಕಾರಣಕ್ಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದ ತೋಟದಲ್ಲಿ ಕೆಳಗಿನ ಹುಲ್ಲು ಕೊಯ್ದು ಆಡಿಗೆ ಹಾಕಲೇಬೇಡಿ. ಒಂದೇ ನೆಲದಲ್ಲಿ ನಿಂತ ಉಳಿದವು ಸರಿಯಿದ್ದು ಪ್ರತಿ ವರ್ಷವೂ ಕುಂಟುವ ಆಡು ಇದ್ದರೆ ಅದನ್ನು ಕಳಿಸಿ.

ಬಾಲದ ಕೆಳಗೆ. ಗರ್ಭಕೋಶ ಹೊರಬಿದ್ದ ಆಡನ್ನು ಡಾಕ್ಟರು ಒಳಗೆ ಸೇರಿಸಿ ಹೊಲಿಗೆ ಹಾಕಿದರೂ ಮುಂದಿನ ಸಲ ಮತ್ತೆ ಬೀಳುವ ಸಂಭವ ಹೆಚ್ಚು. ಮರಿ ಬಿಡಿಸಿದ ಮೇಲೆ ಕಳಿಸಿ.

ಹಂತ 5: ಕಂದು ಹಾಕಿದ ಆಡನ್ನು ಬೇರೆಯಾಗಿ ಯೋಚಿಸಿ

ತಿಂಗಳು ತುಂಬುವ ಮೊದಲು ಮರಿ ಹಾಕಿದ ಆಡನ್ನು ಕೂಡಲೇ ಸಂತೆಗೆ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಗುದ್ದಾಟದಿಂದಲೋ ಜ್ವರದಿಂದಲೋ ಕಂದು ಹಾಕಿರಬಹುದು, ಬ್ರುಸೆಲ್ಲಾ ಎಂಬ ಸೋಂಕಿನಿಂದಲೂ ಆಗಿರಬಹುದು. ಬ್ರುಸೆಲ್ಲಾ ಆದರೆ ಅದು ಮನುಷ್ಯರಿಗೂ ಹತ್ತುತ್ತದೆ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವಿನಲ್ಲಿ ತಿಂಗಳುಗಟ್ಟಲೆ ನರಳಿಸುತ್ತದೆ. ಮಾಸು ಮತ್ತು ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ಆಡನ್ನು ಬೇರೆ ಕಟ್ಟಿ, ಹಾಲು ಕಾಯಿಸದೆ ಕುಡಿಯಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ರಕ್ತದ ಮಾದರಿ ತೆಗೆಯಲು ಹೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಹತ್ತಿರದವರು ಅಲ್ಲೂ ವಿಚಾರಿಸಬಹುದು. ಸೋಂಕು ಇಲ್ಲ ಅಂತ ಬಂದರೆ ಒಂದು ಅವಕಾಶ ಕೊಡಿ, ಎರಡನೆಯ ಸಲವೂ ಕಂದು ಹಾಕಿದರೆ ತೆಗೆಯಿರಿ. ಸೋಂಕು ಇದೆ ಅಂತ ಬಂದರೆ ಡಾಕ್ಟರು ಹೇಳಿದ ಹಾಗೆ ನಡೆಯಬೇಕು. ಸಾಕುವವರಿಗೆ ಮಾರಿ ಕೈತೊಳೆದುಕೊಳ್ಳುವುದು ಪಕ್ಕದೂರಿನ ಹಿಂಡನ್ನೂ ಹಾಳು ಮಾಡಿದ ಹಾಗೆ.

ಹಂತ 6: ಪಟ್ಟಿ ಮಾಡಿ

ಈಗ ಪುಸ್ತಕ ಮತ್ತು ಕೈಯಲ್ಲಿ ಕಂಡದ್ದು ಎರಡನ್ನೂ ಎದುರಿಗಿಟ್ಟುಕೊಂಡು ಹಿಂಡನ್ನು ಮೂರು ಮಾಡಿ.

ಖಂಡಿತ ಹೋಗಬೇಕಾದವು: ಒಂದೂವರೆ ವರ್ಷದಿಂದ ಈಯದವು, ಎರಡು ಸಲ ಮರಿ ಒದ್ದವು, ಕೆಚ್ಚಲು ಕೆಟ್ಟವು, ಹಲ್ಲು ಹೋದವು, ಗರ್ಭಕೋಶ ಬಿದ್ದವು. ಇವುಗಳ ಬಗ್ಗೆ ಚರ್ಚೆ ಬೇಡ, ಎಷ್ಟೇ ಚೆಂದ ಇದ್ದರೂ ಸರಿ.

ಖಂಡಿತ ಉಳಿಯಬೇಕಾದವು: ಎರಡರಿಂದ ಐದು ವರ್ಷದೊಳಗಿನ, ಪ್ರತಿ ಈತದಲ್ಲೂ ಮರಿ ಬದುಕಿಸಿದ, ಮಳೆಗಾಲದಲ್ಲಿ ಔಷಧಿ ಬೇಡದ ಆಡುಗಳು. ಇವುಗಳಿಗೆ ದಲ್ಲಾಳಿ ಎಷ್ಟು ಹೇಳಿದರೂ ಕಿವಿಗೊಡಬೇಡಿ.

ನಡುವಿನವು. ಮೊದಲ ಗುಂಪಿನಿಂದ ಸಂಖ್ಯೆ ಸಾಲದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಹುಳಕ್ಕೆ ಪದೇ ಪದೇ ಔಷಧಿ ಬೇಡಿದ್ದು ಮೊದಲು, ಆಮೇಲೆ ಪ್ರತಿ ವರ್ಷ ಕುಂಟುವುದು, ಆಮೇಲೆ ಮರಿಯ ತೂಕದಲ್ಲಿ ಹಿಂದೆ ಬಿದ್ದದ್ದು, ಕೊನೆಗೆ ಬೇಲಿ ಹಾರಿ ಪಕ್ಕದವರ ಬಾಳೆಗೆ ಬಾಯಿ ಹಾಕಿ ಜಗಳ ತರುವುದು. ಈ ಕೊನೆಯದನ್ನು ನಗುವ ವಿಷಯ ಅಂದುಕೊಳ್ಳಬೇಡಿ, ಒಂದು ಹಾರುವುದನ್ನು ನೋಡಿ ಮೂರು ಕಲಿಯುತ್ತವೆ.

ಪುಸ್ತಕದಲ್ಲಿ ಎಲ್ಲೂ ಕಾಣದ ಒಂದು ಗುಣವನ್ನು ಪಟ್ಟಿ ಮಾಡುವಾಗ ನೆನಪಿಡಿ: ಮುಂದಾಳುತನ. ಪ್ರತಿ ಹಿಂಡಿಗೂ ಒಂದು ಹಿರಿಯ ಹೆಣ್ಣಾಡು ಇರುತ್ತದೆ, ಸಂಜೆ ಅದು ಕೊಟ್ಟಿಗೆಯ ಕಡೆ ಮುಖ ಮಾಡಿದರೆ ಉಳಿದವು ಸಾಲುಗಟ್ಟುತ್ತವೆ, ಮೋಡ ಕಟ್ಟಿದರೆ ಅದೇ ಮೊದಲು ತಿರುಗುತ್ತದೆ. ಅದನ್ನು ಹಲ್ಲು ಸವೆದಿದೆ ಅಂತ ತಟ್ಟನೆ ಮಾರಿದರೆ ಕೆಲವು ವಾರ ಹಿಂಡು ಚದುರುತ್ತದೆ. ಕಾಡಂಚಿನ ಊರಲ್ಲಿ ಕತ್ತಲಾದ ಮೇಲೆ ಹೊರಗುಳಿದ ಆಡು ಕುರ್ಕನ (ಚಿರತೆಯ) ಪಾಲು. ಹಾಗಾಗಿ ಮುಂದಾಳನ್ನು ಕೊಡುವ ಮೊದಲು ಅದರ ಬೆನ್ನಿಗೇ ನಡೆಯುವ ಎರಡನೆಯದು ಯಾವುದು ಅಂತ ಗಮನಿಸಿ (ಹೆಚ್ಚಾಗಿ ಅದರ ಮಗಳೇ ಆಗಿರುತ್ತದೆ), ಗಂಟೆಯನ್ನು ಅದರ ಕೊರಳಿಗೆ ಬದಲಿಸಿ, ಒಂದು ಋತು ಇಬ್ಬರನ್ನೂ ಒಟ್ಟಿಗೆ ಬಿಡಿ. ಎರಡನ್ನೂ ಒಂದೇ ವರ್ಷ ಮಾರಬೇಡಿ.

ಹಂತ 7: ಗಬ್ಬ ಇದೆಯಾ ನೋಡಿಕೊಳ್ಳಿ

ಪಟ್ಟಿಯಲ್ಲಿರುವ ಆಡುಗಳನ್ನು ಆವತ್ತಿನಿಂದಲೇ ಹೋತದಿಂದ ಬೇರೆ ಮಾಡಿ. ಇದನ್ನು ಮರೆತು, ಮಾರುವ ಹೊತ್ತಿಗೆ ಹೊಟ್ಟೆಯಲ್ಲಿ ಮರಿ ಇರುವುದು ಬಹಳ ಕಡೆ ಆಗುತ್ತದೆ. ಬೆದೆ 18ರಿಂದ 21 ದಿನಕ್ಕೊಮ್ಮೆ ಬರುತ್ತದೆ. ಬಾಲ ಆಡಿಸುತ್ತಾ, ಕೂಗುತ್ತಾ, ಹೋತದ ಕಡೆ ಎಳೆದಾಡುವುದು ಎರಡು ಸುತ್ತು ಕಾಣದಿದ್ದರೆ ಗಬ್ಬ ಇರಬಹುದು. ಸ್ಕ್ಯಾನಿಂಗ್ ಸೌಲಭ್ಯ ಸಿಕ್ಕರೆ ಒಂದೂವರೆ ತಿಂಗಳ ಗಬ್ಬವೇ ಕಾಣುತ್ತದೆ. ಹೊಟ್ಟೆ ನೋಡಿ ಹೇಳುವುದಾದರೆ ಕೊನೆಯ ಎರಡು ತಿಂಗಳವರೆಗೆ ಕಾಯಬೇಕು, ಅಷ್ಟರಲ್ಲಿ ತಡವಾಗಿರುತ್ತದೆ. ಗಬ್ಬ ಇದ್ದರೆ ಈಯಿಸಿ, ಮರಿ ಬಿಡಿಸಿ, ಆಮೇಲೆ ಕಳಿಸಿ.

ಹಂತ 8: ಮಾರುವುದು

ಮರಿ ಬಿಡಿಸಿದ ಆಡನ್ನು ಹಾಗೇ ಬಡಕಲಾಗಿ ಕೊಡಬೇಡಿ. ರೋಗವಿಲ್ಲದ್ದಾದರೆ ಒಂದೂವರೆ ತಿಂಗಳು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಸೊಪ್ಪಿನ ಜೊತೆ ಸ್ವಲ್ಪ ಜೋಳ, ಹಿಂಡಿ ಹಾಕಿ. ಆದರೆ ಕಾಳನ್ನು ಒಂದೇ ದಿನ ಬುಟ್ಟಿಗಟ್ಟಲೆ ಸುರಿದರೆ ಹೊಟ್ಟೆಯಲ್ಲಿ ಹುಳಿಯಾಗಿ ಸಾಯುತ್ತದೆ. ಒಂದು ಹಿಡಿಯಿಂದ ಶುರುಮಾಡಿ ಎರಡು ವಾರದಲ್ಲಿ ಏರಿಸಿ.

ಕಣ್ಣಂದಾಜಿಗೆ ಒಪ್ಪಬೇಡಿ, ತಕ್ಕಡಿ ಹಾಕಿ. ಜೀವಂತ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಮಾಂಸವಾಗುತ್ತದೆ. ಆವತ್ತಿನ ಮಾಂಸದ ದರದ ಮೇಲೆ ನೀವೇ ಲೆಕ್ಕ ಹಾಕಿಟ್ಟುಕೊಂಡರೆ ಮಾತಿಗೆ ಬಲ ಬರುತ್ತದೆ. ಜಂತುನಾಶಕ, ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಬಾಟಲಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಮಾಂಸಕ್ಕೆ ಕೊಡುವಂತಿಲ್ಲ. ಕಾನೂನಿನ ಬಗ್ಗೆ ಪದೇ ಪದೇ ಕೇಳುತ್ತಾರೆ: 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ದನ ಮತ್ತು ಎಮ್ಮೆಗೆ ಸಂಬಂಧಿಸಿದ್ದು, ಆಡು ಕುರಿ ಅದರೊಳಗೆ ಬರುವುದಿಲ್ಲ.

ಸಾಕುವವರು ಬಂದು ಕೇಳಿದರೆ ದೋಷ ಮುಚ್ಚಿಡಬೇಡಿ. ಅರ್ಧ ಕೆಚ್ಚಲಿನದ್ದು ಅಂತ ಹೇಳಿಯೇ ಕೊಡಿ, ಅಥವಾ ಮಾಂಸಕ್ಕೆ ಮಾತ್ರ ಕೊಡಿ. ಸಂತೆಗೆ ಹೋಗಿ ಮಾರಾಟವಾಗದೆ ಮರಳಿ ಬಂದ ಆಡನ್ನು ಸೀದಾ ಹಿಂಡಿಗೆ ಸೇರಿಸಬೇಡಿ. ಹಿರೇಬೇನೆ ಅನ್ನುವ ಪಿಪಿಆರ್ ಅಂಟುರೋಗ ಬಹಳ ಸಲ ಮನೆಗೆ ಬರುವುದು ಹೀಗೆ. ಮೂರು ವಾರ ಬೇರೆ ಕಟ್ಟಿ.

ಹಂತ 9: ಆ ಜಾಗಕ್ಕೆ ಬರುವ ಹೆಣ್ಣು ಮರಿ

ನಾಲ್ಕು ಬೇಕಾದರೆ ಆರನ್ನು ಉಳಿಸಿಕೊಳ್ಳಿ, ಒಂದು ಮಳೆಗಾಲ ಕಳೆದ ಮೇಲೆ ಎರಡನ್ನು ಬಿಡಿ. ಆರಿಸುವಾಗ ಮರಿಗಿಂತ ಮೊದಲು ತಾಯಿಯ ಪುಟ ನೋಡಿ. ಒಂಟಿಯಾಗಿ ಹುಟ್ಟಿದ ಮರಿ ಮೂರು ತಿಂಗಳಿಗೆ ಅವಳಿಗಿಂತ ದಪ್ಪಗಿರುತ್ತದೆ, ಪೂರ್ತಿ ಹಾಲು ಒಂದಕ್ಕೇ ಸಿಕ್ಕಿದೆಯಲ್ಲ. ಅವಳಿಯಾಗಿ ಹುಟ್ಟಿಯೂ ಸಾಕಷ್ಟು ಬೆಳೆದದ್ದೇ ಮೇಲು. ಹೋತವೂ ಬೋಳು, ತಾಯಿಯೂ ಬೋಳು, ಅಂದರೆ ಎರಡಕ್ಕೂ ಹುಟ್ಟಿನಿಂದ ಕೊಂಬಿಲ್ಲದಿದ್ದರೆ ಅವುಗಳ ಹೆಣ್ಣು ಮರಿಗಳಲ್ಲಿ ಕೆಲವು ಹುಟ್ಟು ಗೊಡ್ಡಾಗಿರುತ್ತವೆ. ಅಂಥ ಜೋಡಿಯ ಮರಿಯನ್ನು ಸಾಕಲು ಇಡುವ ಮೊದಲು ಡಾಕ್ಟರಿಗೆ ತೋರಿಸಿ.

ಪ್ರಾಯದ ಮರಿ ದೊಡ್ಡ ಆಡಿನ ಮೂರನೇ ಎರಡು ಪಾಲು ತೂಕಕ್ಕೆ ಬರುವವರೆಗೆ ಹೋತಕ್ಕೆ ಬಿಡಬೇಡಿ, ನಾಟಿ ತಳಿಯಲ್ಲಿ ಹತ್ತರಿಂದ ಹನ್ನೆರಡು ತಿಂಗಳು ಆಗುತ್ತದೆ. ಮತ್ತು ಆ ಹೊತ್ತಿಗೆ ಹೋತ ಬದಲಾಗಿರಬೇಕು. ಎರಡು ವರ್ಷಕ್ಕಿಂತ ಹೆಚ್ಚು ಒಂದೇ ಹೋತ ಇಟ್ಟರೆ ಅದು ತನ್ನ ಮಗಳ ಮೇಲೇ ಹಾರುತ್ತದೆ. ಹೊಸ ಹೋತವನ್ನು ನೆಂಟರ ಮನೆಯಿಂದ ತರುವಾಗ ಅದೂ ನಿಮ್ಮ ಹಳೆಯ ಹೋತದ ಮರಿಯೇ ಅಲ್ಲವಾ ಅಂತ ಕೇಳಿ ನೋಡಿ. ತಂದ ಮೇಲೆ ಅದಕ್ಕೂ ಮೂರು ವಾರ ಬೇರೆ ಕೊಟ್ಟಿಗೆ.